ದಿನ್ನಿಯವರ ಅರ್ಜಿ ಬರೆದವರು

ಸತ್ತವರ ಬಗ್ಗೆ ಪಟವಾರಿ ಮೂರು ಮಾತು ಕೇಳುತ್ತಾನೆ. ಹೆಸರೇನು, ವಯಸ್ಸೆಷ್ಟು, ಕೌಮು ಯಾವುದು. ಕೌಮು ಅಂದರೆ ಯಾವ ಮಂದಿ, ಯಾರ ಪೈಕಿ ಅಂತ. ಮೂರಕ್ಕೂ ಅವನ ಉರ್ದು ದಫ್ತರದಲ್ಲಿ ಒಂದೊಂದು ಖಾನೆ ಇರುತ್ತದೆ. ನನ್ನ ಮನೆಯ ಹೊರಕೋಣೆಯಲ್ಲಿ ಆ ಅರ್ಜಿ ಬರೆಯುವವರು ತೀರಿಕೊಂಡ ಮೇಲೆ ನಾನು ಕಲ್ಯಾಣಿಯ ಪಟವಾರಿಯ ಮುಂದೆ ನಿಂತು ಮೊದಲ ಎರಡಕ್ಕೆ ಉತ್ತರ ಕೊಟ್ಟೆ. ಮೂರನೆಯದಕ್ಕೆ ಬಾಯಿ ಕಟ್ಟಿತು. ಗೊತ್ತಿರಲಿಲ್ಲ ಅಂತಲ್ಲ. ಆ ಒಂದು ಉತ್ತರದ ಸಲುವಾಗಿ ಆ ಮನುಷ್ಯ ಒಳಗೊಳಗೇ ಸುಟ್ಟುಹೋದದ್ದನ್ನು ಕಣ್ಣಾರೆ ಕಂಡವನು ನಾನು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಜೀವಮಾನವೆಲ್ಲ ಮಂದಿಯ ಅರ್ಜಿ ಬರೆದರೂ ಒಂದರ ಮೇಲೂ ತಮ್ಮ ಹೆಸರು ಹಾಕಿದವರಲ್ಲ. ಯಾಕೆ ಅಂತ ಒಮ್ಮೆ ಕೇಳಿದ್ದೆ. "ಬೆಳೀ ಬಂದ್ರ ಹೊಲದಾವನ ಹೆಸರು ಹೇಳ್ತಾರ. ಹೊಲ ಹರಗಿದ ಕುಂಟಿ ಹೆಸರು ಯಾರರ ಹೇಳ್ತಾರೇನು?" ಅಂದಿದ್ದರು.

ನಾನು ಗೌಂಡಿ. ಕಲ್ಲು ಕಡಿದು ಗೋಡೆ ಕಟ್ಟುವುದು ನನ್ನ ಕೆಲಸ. ಅಯ್ಯನವರ ಸಾಲೆಯಲ್ಲಿ ಅಕ್ಷರ ಕೂಡಿಸಿ ಓದುವುದು ಬರುವಷ್ಟರಲ್ಲಿ ಅಪ್ಪ ಕೈಗೆ ಚಾಣ ಕೊಟ್ಟ. ಅದಕ್ಕೆ ನನಗೆ ನಾಚಿಕೆ ಇಲ್ಲ. ನಾನು ಕಟ್ಟಿದ ಒಂದು ಗೋಡೆಯೂ ಈವರೆಗೆ ಹೊಟ್ಟೆ ಬಿಟ್ಟಿಲ್ಲ. ಹುಮನಾಬಾದದ ಕಚೇರಿಗೆ ಸುತ್ತುಗೋಡೆ ಕಟ್ಟುವ ಕೆಲಸ ಸಿಕ್ಕಾಗ ಅವರ ಪರಿಚಯವಾಯಿತು. ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ ಅವರು ಕೂಡುತ್ತಿದ್ದರು. ಮುಂದೆ ಒಂದು ತಗಡಿನ ಪೆಟ್ಟಿಗೆ, ಅದರ ಮೇಲೆ ದೌತಿ, ಕಾಗದ. ಬರುವಿನ, ಅಂದರೆ ಜೊಂಡಿನ ಲೇಖಣಿಯನ್ನು ಮಸಿಯಲ್ಲಿ ಅದ್ದಿ, ಹೆಚ್ಚಾದ ಮಸಿಯನ್ನು ತಮ್ಮ ನೆತ್ತಿಗೆ ಒರೆಸಿಕೊಳ್ಳುತ್ತಿದ್ದರು. ಅರವತ್ತು ದಾಟಿದರೂ ನೆತ್ತಿಯ ಮೇಲೆ ಅಂಗೈಯಗಲ ಕೂದಲು ಕಪ್ಪಗೇ ಇತ್ತು. ಅದು ವಯಸ್ಸಿನ ಮೇಲೆ ಬರೆದ ಸುಳ್ಳು ಅಂತ ತಾವೇ ನಗುತ್ತಿದ್ದರು.

ಅರ್ಜಿ ಬರೆಯುವ ಮುಂಚೆ ಬಂದವನಿಂದ ಅವನ ಸಂಕಟವನ್ನು ಮೂರು ಸಲ ಹೇಳಿಸುತ್ತಿದ್ದರು. ಮೊದಲೆರಡು ಸಲ ಲೇಖಣಿ ಮುಟ್ಟುತ್ತಿರಲಿಲ್ಲ.

"ಯಾಕ ಮುತ್ಯಾ, ಕಿವಿ ಮಂದ ಏನು ನಿಮಗ?" ಅಂತ ನಾನು ಗೋಡೆಯ ಮೇಲಿಂದ ಕೆಣಕಿದೆ.

"ಕೇಳು ಗೌಂಡಿ. ಮೊದಲ ಸಲ ಮನುಷ್ಯ ಸಿಟ್ಟು ಹೇಳ್ತಾನ. ಎರಡನೇ ಸಲ ಸುಳ್ಳು ಹೇಳ್ತಾನ. ಮೂರನೇ ಸಲಕ್ಕ ದಣಿದಿರ್ತಾನ, ಆಗ ಖರೇ ಹೇಳ್ತಾನ."

"ಇಷ್ಟು ಮಾಡಿ ಬರದ್ರೂ ಒಂದು ಮಳಿಗೆ ತೊಳಕೊಂಡ ಹೋಗತದ ನಿಮ್ಮ ಬರಹ. ನಂದು ನೋಡ್ರಿ, ನಿಂತಲ್ಲೇ ನಿಂತಿರತದ."

"ಅದಕ್ಕಾ ನಿನ್ನ ತಪ್ಪು ನೂರು ವರ್ಷ ಕಾಣತದ. ನಂದು ಮುಂದಿನ ಅರ್ಜಿಯೊಳಗ ತಿದ್ಕೋತೀನಿ."

ಆ ಮಾತನ್ನು ಅವರು ನಗುತ್ತ ಆಡಿದ್ದರು. ಮುಂದೆ ತಿದ್ದಲಾಗದ ಒಂದು ತಪ್ಪು ಅವರಿಂದಲೇ ಆಗುವುದಿತ್ತು.

ಇನ್ನೊಂದು ನಾನು ಗಮನಿಸಿದ್ದೆ, ಆದರೆ ಅರ್ಥವಾಗಿರಲಿಲ್ಲ. ಉರ್ದು ಮಾತಾಡುವವರು ಬಂದು ಅವರನ್ನು ಮುನಶಿಜೀ ಅನ್ನುತ್ತಿದ್ದರು. ಮರಾಠಿಯವರು ಪಂತ ಅನ್ನುತ್ತಿದ್ದರು. ನಮ್ಮವರು ಕೆಲವರು ಅಯ್ಯನವರ ಅನ್ನುತ್ತಿದ್ದರು. ಎಲ್ಲದಕ್ಕೂ ಅವರು ತಲೆ ಎತ್ತಿ ಓ ಅನ್ನುತ್ತಿದ್ದರು. ಮೂರೂ ಕಡೆಯವರು ಅವರನ್ನು ತಮ್ಮವರೇ ಅಂದುಕೊಂಡಿದ್ದರು. ಮೂರು ಭಾಷೆಯೂ ಅವರಿಗೆ ತಾಯಿ ಭಾಷೆಯ ಹಾಗೇ ಬರುತ್ತಿತ್ತು. ಮಧ್ಯಾಹ್ನ ಮಾತ್ರ ಗಿಡದ ಆ ಬದಿಗೆ ತಿರುಗಿ ಕೂತು ಒಬ್ಬರೇ ರೊಟ್ಟಿ ತಿನ್ನುತ್ತಿದ್ದರು.

ನಾನು ಅವರ ತದ್ವಿರುದ್ಧ. ಯಾರಾದರೂ "ಏ ಕೂಲಿ" ಅಂದರೆ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟು, "ಕೂಲಿ ಅಲ್ಲ, ಗೌಂಡಿ ಅನ್ರಿ" ಅನ್ನುವವನು. ಕಚೇರಿಯ ಶಿರಸ್ತೇದಾರನಿಗೂ ಹಾಗೇ ಅಂದು ಒಂದು ವಾರ ಕೆಲಸ ಕಳಕೊಂಡಿದ್ದೆ. ಮತ್ತೆ ಕಚೇರಿಯವರೇ ಕರೆಸಿದರು. ಅಂಥ ಮೂಲೆ ಕಟ್ಟುವವರು ಬೇರೆ ಯಾರಿದ್ದರು?

ಈಗ ದಿನ್ನಿಯವರ ಮಾತು ಹೇಳಬೇಕು. ಕಲ್ಯಾಣಿಗೂ ಹುಮನಾಬಾದಕ್ಕೂ ನಡುವೆ ದಾರಿ ಬಿಟ್ಟು ಒಳಗೆ ಹೋದರೆ ಕೆಂಪು ಕಲ್ಲಿನ ಒಂದು ದೊಡ್ಡ ದಿನ್ನಿ ಇದೆ. ಮೇಲೆ ಬರೀ ಹುಲ್ಲು. ಅಲ್ಲಿ ಏಳು ಹಟ್ಟಿಗಳಿದ್ದವು, ಕುರಿ ಕಾಯುವವರದು. ಅವರಿಗೆ ಅವರದೇ ಒಂದು ಹೆಸರಿರಲಿಲ್ಲ. ತಮ್ಮೊಳಗೆ "ನಮ್ಮ ಮಂದಿ" ಅನ್ನುತ್ತಿದ್ದರು, ಕೆಳಗಿನ ಊರಿನವರು "ದಿನ್ನಿಯವರು" ಅನ್ನುತ್ತಿದ್ದರು. ಕುರಿ ಎಣಿಸುವುದು ಮರಾಠಿಯಲ್ಲಿ, ಮಕ್ಕಳನ್ನು ಬೈಯುವುದು ಕನ್ನಡದಲ್ಲಿ, ಸಂತೆಯಲ್ಲಿ ಚೌಕಾಶಿ ಮಾಡುವುದು ದಖ್ಖನಿಯಲ್ಲಿ. ಹೆಣ್ಣು ಕೊಡುವುದು ತರುವುದು ಏಳು ಹಟ್ಟಿಯೊಳಗೇ. ಕೊಡಂಬಲದ ಕಡೆಯ ಕುರುಬರ ಹೆಣ್ಣನ್ನೂ ತರುತ್ತಿರಲಿಲ್ಲ, ಹುಲಸೂರಿನ ಆಚೆಯ ಮರಾಠಿ ಕುರಿಗಾರ ಧನಗರರ ಹೆಣ್ಣನ್ನೂ ತರುತ್ತಿರಲಿಲ್ಲ.

ಅಲ್ಲಿ ಕಲ್ಲು ನೋಡಲು ನಾನು ಮೊದಲ ಸಲ ಹೋದಾಗ ಒಬ್ಬ ಮುದುಕಿ ಮಜ್ಜಿಗೆ ಕೊಟ್ಟಳು. ಎಲ್ಲರೂ ಆಕೆಯನ್ನು ಆಯಿ ಅನ್ನುತ್ತಿದ್ದರು.

"ನೀವು ಕುರುಬರಲ್ಲೇನು ಆಯಿ?" ಅಂದೆ.

"ಹೌದಪ್ಪಾ, ಕುರುಬರಾ."

ನಾನು ಮಜ್ಜಿಗೆ ಮುಗಿಸುವಷ್ಟರಲ್ಲಿ ಒಬ್ಬ ಮರಾಠಿ ಅರಿವೆ ವ್ಯಾಪಾರಿ ಬಂದ. ಬಂದವನೇ "ಕಾಯ್ ಧನಗರೀಣ ಬಾಯಿ, ಬರೀ ಆಹೇಸ್ ಕಾ?" ಅಂತ ಕ್ಷೇಮ ಕೇಳಿದ. ಆಕೆ ಅಷ್ಟೇ ಸಲೀಸಾಗಿ, "ಹೋಯ್ ಬಾಬಾ, ಬಸ್" ಅಂತ ಅವನಿಗೂ ಕಂಬಳಿ ಹಾಸಿದಳು.

ನನಗೆ ಸಿಟ್ಟು ಬಂತು. "ಆಯಿ, ನನ್ನ ಮುಂದ ಕುರುಬರು, ಅವನ ಮುಂದ ಧನಗರರು. ಇದ್ಯಾವ ಬಾಯಿ?"

ಆಕೆ ನನ್ನನ್ನು ತಿಳಿಗೇಡಿಯನ್ನು ನೋಡುವಂತೆ ನೋಡಿದಳು. "ಮನಿಗೆ ಬಂದಾವ ತನಗ ಗೊತ್ತಿದ್ದ ಹೆಸರಿಲೆ ಪ್ರೀತಿಲೆ ಕರೀತಾನ. ಅಲ್ಲ ಅಂದು ಅವನ ಬಾಯಿ ತಿದ್ದೋದು ಎಂಥಾ ಮರ್ಯಾದಿನೋ ತಮ್ಮಾ? ನಿನಗ ನಿಮ್ಮವ್ವ ಏನೂ ಕಲಿಸಿಲ್ಲೇನು?"

ಏಳು ಹಟ್ಟಿಯಲ್ಲೂ ಇದೇ ರೀತಿ. ಬಂದವನು ಏನಂದು ಕರೆದನೋ ಅದು ತಾವು. ಕೂಸಿಗೆ ಮಾತು ಬರುವ ಮುಂಚೆ ಈ ಮರ್ಯಾದೆ ಬರುತ್ತಿತ್ತು. ಕೆಳಗಿನ ಊರುಗಳಲ್ಲಿ ಒಂದು ಜಾತಿಯ ಹೆಸರನ್ನು ತಪ್ಪಿ ಕರೆದರೆ ಬಡಿಗೆ ಎತ್ತುತ್ತಾರೆ. ಇಂಥವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಮರ್ಯಾದೆಯೇ ಅವರ ಕುತ್ತಿಗೆಗೆ ಬಂತು. ದಿನ್ನಿಯ ಹುಲ್ಲನ್ನು ಸರಕಾರಕ್ಕೆ ಕಾಯ್ದಿಡಬೇಕು, ಅಂದರೆ ಕುರಣ ಮಾಡಬೇಕು ಅಂತ ಹುಕುಂ ಬಂತು. ಈ ನೆಲದ್ದೇ ಆದ ಒಂದು ಬೇರೆ ಮಂದಿ ಅಲ್ಲಿ ಹಿಂದಿನಿಂದ ಇದ್ದರೆ ಅವರ ಕುರಿಗಷ್ಟೇ ಒಳಗೆ ಬಿಡುವುದು. ಅವರು ಧನಗರರೇ ಆದರೆ ಗಡಿ ಆಚೆಯ ಇಂಗ್ರೇಜಿ ಮುಲುಕಿನವರು, ವಾಪಸು ಹೋಗಲಿ. ಕುರುಬರೇ ಆದರೆ ಕೆಳಗಿನ ಊರುಗಳಲ್ಲಿ ಕುರುಬರಿಗೆ ಗಾಯರಾಣ, ಅಂದರೆ ಮೇಯಿಸುವ ನೆಲ, ಇದೆ, ಅಲ್ಲಿಗೆ ಹೋಗಲಿ. ಕೆಳಗಿನ ಕುರುಬರು ತಮ್ಮ ಕುರಿಗೇ ಸಾಲದ ಗಾಯರಾಣದಲ್ಲಿ ಇವರನ್ನು ಹೊಗಗೊಡುತ್ತಾರೆಯೇ? ಎರಡೂ ಅಲ್ಲ, ತಾವು ಬೇರೆಯೇ ಮಂದಿ ಅಂತ ತೋರಿಸಿದರೆ ಮಾತ್ರ ಅವರಿಗೆ ನೆಲ. ಒಬ್ಬ ಸಾಹೇಬರು ಬಂದು ಮನೆಮನೆಗೆ ಕೇಳಿ ಬರೆದುಕೊಳ್ಳುವುದು ಅಂತ ಆಯಿತು.

ದಿನ್ನಿಯವರು ಕಚೇರಿಗೆ ಬಂದು ಬೇವಿನ ಗಿಡದ ಕೆಳಗೆ ನಿಂತರು. ಆ ದಿನ ಮುತ್ಯಾ ಮೂರು ಸಲ ಹೇಳಿಸಲಿಲ್ಲ. ಒಂದು ಸಲ ಕೇಳುವಷ್ಟರಲ್ಲಿ ಲೇಖಣಿ ಎತ್ತಿದರು. ಅವಸರಕ್ಕೆ ಕೈ ತಾಗಿ ದೌತಿ ಉರುಳಿತು. ಅವರ ಮಸಿ ಚೆಲ್ಲಿದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಅಲ್ಲಿಂದ ಮುಂದೆ ಗಿಡದ ಕೆಳಗೆ ಅವರು ಸಿಗುವುದೇ ಅಪರೂಪವಾಯಿತು. ಹಟ್ಟಿಯಿಂದ ಹಟ್ಟಿಗೆ ನಡೆದರು. ಬಂದಾಗ ಮೊಣಕಾಲತನಕ ಕೆಂಪು ಧೂಳು. ಒಂದು ದಿನ ನನ್ನ ಮುಂದೆ ಕೂತು, "ಗೌಂಡಿ, ಒಂದು ಕೆಲಸಕ್ಕ ಬರ್ತೀ ಏನು?" ಅಂದರು.

"ಎಲ್ಲಿ ಗ್ವಾಡಿ?"

"ಗ್ವಾಡಿ ಅಲ್ಲ. ದಿನ್ನಿಯವರಿಗೆ ಒರಟುತನ ಕಲಿಸಬೇಕು. ನಿನ್ನಷ್ಟು ಒರಟ ಮನಷ್ಯಾ ನನಗ ಗೊತ್ತಿಲ್ಲ."

ಹೋದೆ. ಆಯಿಯ ಹಟ್ಟಿಯ ಮುಂದೆ ಎಲ್ಲರನ್ನೂ ಕೂಡಿಸಿ ಅವರು ತಾವೇ ಸಾಹೇಬರಾಗಿ ಕಂಬಳಿಯ ಮೇಲೆ ಕೂತರು. ಒಬ್ಬೊಬ್ಬರನ್ನೂ ಕರೆದು, "ನೀವು ಧನಗರರಲ್ಲವೋ?" ಅಂತ ಕೇಳಿದರು. ಮೊದಲನೆಯವನು ಕೈಮುಗಿದು, "ಹೌದ್ರಿ ಸಾಹೇಬರ" ಅಂದ.

"ಅಲ್ಲ ಅನ್ನಬೇಕೋ! ಅಲ್ಲ, ದಿನ್ನಿಯವರು ಅನ್ನಬೇಕು."

"ತಪ್ಪಾತರಿ. ಮತ್ತೊಮ್ಮೆ ಕೇಳ್ರಿ."

"ನೀವು ಕುರುಬರಲ್ಲವೋ?"

"ಹೌದ್ರಿ."

ನನಗೆ ನಗೆ ತಡೆಯಲಿಲ್ಲ. ಅವರು ನಗಲಿಲ್ಲ. ಎದ್ದು ನಿಂತು ನನ್ನ ತೋಳು ಹಿಡಿದು ನಡುವೆ ನಿಲ್ಲಿಸಿದರು. "ಇವನ್ನ ನೋಡ್ರಿ. ಏ ಕೂಲಿ!"

"ಕೂಲಿ ಅಲ್ಲ, ಗೌಂಡಿ ಅನ್ರಿ" ಅಂದೆ ನಾನು, ರೂಢಿಯಂತೆ.

ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಯಿ, "ದೊಡ್ಡವರಿಗೆ ಹಾಂಗ ಅಂತಾರೇನೋ ಹುಡುಗಾ" ಅಂದಳು.

"ಅನ್ನಬೇಕು ಆಯಿ," ಅಂದರು ಅವರು. ಧ್ವನಿ ಒಡೆದಿತ್ತು. "ಒಂದು ದಿನ ಅನ್ನಬೇಕು. ಒಂದಾ ಒಂದು ದಿನ ಒರಟಾಗ್ರಿ ನಮ್ಮಪ್ಪಗಳ್ರಾ. ಆಮ್ಯಾಗ ನೂರು ವರ್ಷ ಮರ್ಯಾದಿಲೆ ಇರ್ರಿ. ಸಾಹೇಬರು ಕೇಳಿದಾಗ ಹೌದು ಅಂದ್ರ ನಿಮ್ಮ ಕುರಿ ಎಲ್ಲಿ ಮೇಯ್ತಾವ? ಈ ಮಕ್ಕಳು ಎಲ್ಲಿ ಮಲಗತಾವ?"

ನಾನು ಅಲ್ಲಿ ಹತ್ತು ದಿನ ಇದ್ದೆ. ನನ್ನ ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ. ಕಲ್ಲಿನಿಂದ ಮೂಲೆ ತೆಗೆಯಬಹುದು, ಆ ಮಂದಿಯಿಂದ ಒಂದು "ಅಲ್ಲ" ತೆಗೆಯುವುದು ಆಗುತ್ತಿರಲಿಲ್ಲ. ಅಂದವರು ಅತ್ತ ಹೋಗಿ ವಾಂತಿ ಮಾಡಿಕೊಂಡವರಂತೆ ಮುಖ ತೊಳೆದುಕೊಳ್ಳುತ್ತಿದ್ದರು.

ಇದೇ ಹೊತ್ತಿನಲ್ಲಿ ನಾನು ಅವರಿಗೆ ಹೇಳದೆ ಮುಚ್ಚಿಟ್ಟುಕೊಂಡ ಒಂದು ಮಾತಿತ್ತು. ಕುರಣದ ಗಡಿಕಲ್ಲು ಕಡಿಯುವ ಕೆಲಸ ನನಗೇ ಬಂದಿತ್ತು, ನಾನು ಒಪ್ಪಿಕೊಂಡಿದ್ದೆ. ಕೊನೆಗೆ ಹೇಳಿದೆ. ಉಗುಳುತ್ತಾರೆ ಅಂದುಕೊಂಡಿದ್ದೆ.

"ಚಲೋ ಕಡಿ" ಅಂದರು. "ಕಳಪೆ ಮಂದಿ ಕಡದ್ರ ಅಂಚು ಚೂಪ ಬಿಡ್ತಾರ, ಕುರಿಗಿ ತಾಗತಾವ." ಆಮೇಲೆ, "ಇವರು ಒಳಗಿದ್ರೂ ಹೊರಗಿದ್ರೂ ಕಲ್ಲು ನೆಡಾವ್ರಾ ಗೌಂಡಿ. ನಾವು ಇವರನ್ನ ಒಳಗ ಇಡಬೇಕು, ಅಷ್ಟಾ" ಅಂದರು.

ಸಾಹೇಬರು ಬರುವ ದಿನ ಬಂತು. ಕಡಿದ ಕಲ್ಲುಗಳನ್ನು ಬಂಡಿಯಲ್ಲಿ ತಂದು ದಿನ್ನಿಯ ಅಂಚಿನಲ್ಲಿ ಸಾಲಾಗಿ ಮಲಗಿಸಿದ್ದೆ, ಹಾಗಾಗಿ ನಾನೂ ಅಲ್ಲಿದ್ದೆ. ಸಾಹೇಬರು ಉರ್ದು ಮಾತಾಡುವವರು. ಕೆಟ್ಟ ಮನುಷ್ಯನಲ್ಲ, ಆ ಮಾತು ಹೇಳಲೇಬೇಕು. ಬಿಸಿಲಲ್ಲಿ ನಿಂತಿದ್ದ ಹೆಂಗಸರನ್ನು ಮೊದಲು ನೆರಳಿಗೆ ಕೂಡಿಸಿದರು. ಅವರ ಸಂಗಡ ಇಬ್ಬರು ಬರೆಯುವವರು, ಒಬ್ಬ ಮರಾಠಿ ಕಾರಕೂನ, ಒಬ್ಬ ಕನ್ನಡದ ಗುಮಾಸ್ತ.

ಮೊದಲು ಆಯಿಯನ್ನು ಕರೆದರು. ಕಾರಕೂನ ಮೆತ್ತಗೆ, "ಆಯೀ, ತುಮ್ಹಿ ಧನಗರಚ್ ನಾ?" ಅಂದ.

ಆಕೆಯ ಬಾಯಿ ತೆರೆಯಿತು. ಹೌದು ಅನ್ನುವ ಮಾತು ತುಟಿಗೆ ಬಂದದ್ದು ನನಗೆ ಕಂಡಿತು. ಮುತ್ಯಾ ಸಾಹೇಬರ ಹಿಂದೆ ನಿಂತಿದ್ದರು. ಎರಡೂ ಕೈ ಎದೆಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದ್ದರು. ಆಯಿ ಕುರಿಗಳ ಕಡೆ ನೋಡಿದಳು. ಆಮೇಲೆ ಕಾರಕೂನನ ಕಡೆ ತಿರುಗಿ, "ಅಲ್ಲಪ್ಪಾ. ದಿನ್ನಿಯವರು" ಅಂದಳು. ಅಂದು ಕಣ್ಣಲ್ಲಿ ನೀರು ತಂದುಕೊಂಡು, "ತಪ್ಪು ತಿಳೀಬ್ಯಾಡ ಮಗನಾ" ಅಂತ ಸೇರಿಸಿದಳು.

ಗುಮಾಸ್ತ, "ಕುರುಬರಲ್ಲೇನು ಹಂಗಾರ?" ಅಂದ.

"ಅಲ್ಲಪ್ಪಾ."

ಆಕೆ ಅಂದದ್ದೇ ತಡ, ಉಳಿದವರಿಗೂ ಧೈರ್ಯ ಬಂತು. ಒಬ್ಬೊಬ್ಬರಾಗಿ ಬಂದು ನಡುಗುತ್ತ, ತೊದಲುತ್ತ, ಕೆಲವರು ಅಳುತ್ತ, ಅಲ್ಲ ಅಂದರು. ಏಳು ಹಟ್ಟಿ, ಒಬ್ಬರೂ ತಪ್ಪಲಿಲ್ಲ. ಸಾಹೇಬರು ಇಬ್ಬರು ಬರೆಯುವವರ ಕಾಗದವನ್ನೂ ನೋಡಿ ತಲೆದೂಗಿದರು. ಇವರು ಬೇರೆಯೇ ಮಂದಿ ಅನ್ನಿಸುತ್ತದೆ ಅಂತ ಉರ್ದುವಿನಲ್ಲಿ ಅಂದರು. ಅಷ್ಟು ನನಗೂ ತಿಳಿಯಿತು. ಹಟ್ಟಿಯಲ್ಲಿ ಮಂದಿ ಉಸಿರು ಬಿಟ್ಟದ್ದು ಕೇಳಿಸಿತು.

ಮಜ್ಜಿಗೆ ಬಂತು. ಕೆಲಸ ಮುಗಿಯಿತು ಅಂತ ಎಲ್ಲರೂ ಸಡಿಲಾಗಿ ಕೂತರು. ಸಾಹೇಬರು ಮಜ್ಜಿಗೆ ಕುಡಿಯುತ್ತ, ಸುಮ್ಮನೆ ಮಾತಿಗೆ ಅಂತ, ಅವರ ಕಡೆ ತಿರುಗಿ, "ಮುನಶಿಜೀ, ನಿಮ್ಮ ಅರ್ಜಿಯ ಉರ್ದು ಬಹಳ ಚೆನ್ನಾಗಿದೆ. ನೀವು ನಮ್ಮ ಮುಸಲ್ಮಾನರೇ ಅಲ್ಲವೇ?" ಅಂದರು.

"ಜೀ ಹಾಂ, ಸಾಹೇಬ" ಅಂದರು ಅವರು.

ಕಾರಕೂನ ಲೋಟ ಕೆಳಗಿಟ್ಟ. "ಅರೇ, ಹೇ ಕಾಯ್? ಪಂತ, ನೀವು ನಮ್ಮ ಬ್ರಾಹ್ಮಣರಲ್ಲವೇ?"

"ಹೋಯ್" ಅಂದರು.

ಗುಮಾಸ್ತ ನಕ್ಕ. "ಇದ್ಯಾವ ಮಾತ್ರಿ? ನೀವು ಅಯ್ನೋರಲ್ಲೇನು?"

"ಹೌದ್ರಿ."

ಮೂರು ಮಾತು, ಮೂರು ಉಸಿರಿನಷ್ಟು ಹೊತ್ತು. ಬಾಯಿಯಿಂದ ಮೂರನೆಯ ಹೌದು ಹೊರಬಿದ್ದ ಮೇಲೆ ತಾವೇನು ಮಾಡಿದೆವು ಅನ್ನುವುದು ಅವರಿಗೆ ತಿಳಿಯಿತು. ಗೋಡೆಯ ಕೆಳಗಿನ ಕಲ್ಲು ಜಾರಿದಾಗ ಗೋಡೆ ಕೂಡಲೇ ಬೀಳುವುದಿಲ್ಲ. ಒಂದು ಕ್ಷಣ ಹಾಗೇ ನಿಂತಿರುತ್ತದೆ. ಅವರ ಮುಖ ಹಾಗಿತ್ತು.

ಸಾಹೇಬರು ನಗಲಿಲ್ಲ. ಲೋಟ ಇಟ್ಟು ಕಾಗದಗಳನ್ನು ಮತ್ತೆ ಎಳೆದುಕೊಂಡರು. ಕೇಳಿದವರಿಗೆಲ್ಲ ಹೌದು ಅನ್ನುವ ಮನುಷ್ಯ ಬರೆದ ಅರ್ಜಿ, ಅವನೇ ಕಲಿಸಿಕೊಟ್ಟ ಉತ್ತರ, ಅಂದರು. ಮಂದಿ ಎಲ್ಲ ಒಂದೇ ಮಾತನ್ನು ಒಂದೇ ಥರ ಹೇಳಿದ್ದು ಈಗ ಅವರಿಗೆ ಬೇರೆ ಥರ ಕೇಳಿಸಿತು.

ಮುತ್ಯಾ ಸಾಹೇಬರ ಕಾಲಿಗೆ ಬಿದ್ದರು. "ಸಾಹೇಬ, ಇದಾ ನೋಡ್ರಿ ಸಾಕ್ಷಿ. ಹೀಂಗ ಹೌದು ಅನ್ನಾವ್ರು ಈ ಸೀಮಿಯೊಳಗ ಬ್ಯಾರೆ ಯಾರೂ ಇಲ್ಲ. ಇದಾ ನಮ್ಮ ಗುರುತು. ನನ್ನ ಬಾಯಿ ನೋಡಿ ಬರಕೋರಿ." ಗಾಬರಿಯಲ್ಲಿ ಅದನ್ನು ಉರ್ದುವಿನಲ್ಲಿ ಹೇಳುವುದನ್ನೇ ಮರೆತು ಕನ್ನಡದಲ್ಲಿ ಹೇಳಿದರು. ಗುಮಾಸ್ತ ತಿರುಗಿಸಿ ಹೇಳಿದ. ಸಾಹೇಬರು ಅವರನ್ನು ತೋಳು ಹಿಡಿದು ಎಬ್ಬಿಸಿ, "ಅದಕ್ಕೆ ಕಾಗದದಲ್ಲಿ ಖಾನೆ ಇಲ್ಲ, ಮುನಶಿಜೀ" ಅಂದರು.

ಆಗ ಆಯಿ ಎದ್ದು ಬಂದಳು. ಮುತ್ಯಾನ ಮುಖವನ್ನು ಎರಡೂ ಕೈಯಿಂದ ಹಿಡಿದು ತನ್ನ ಕಣ್ಣಿನ ಹತ್ತಿರ ತಂದು ನೋಡಿದಳು.

"ಯಾವ ಹಟ್ಟಿಯಾವಪ್ಪಾ ನೀ? ಯಾರ ಮಗ?"

ಅವರು ಮೂರನೆಯ ಹಟ್ಟಿಯ ಕಡೆ ಬೆರಳು ತೋರಿಸಿದರು.

ಆಮೇಲೆ ಬರೆಯುವವರಿಬ್ಬರೂ ಮಂದಿಯನ್ನು ಹಂಚಿಕೊಂಡು ಮತ್ತೆ ಬರೆದರು, ಕೆಲಸ ಬೇಗ ಮುಗಿಯಿತು. ಕಾರಕೂನನ ಕಾಗದದಲ್ಲಿದ್ದವರು ಧನಗರರಾದರು, ಗುಮಾಸ್ತನ ಕಾಗದದಲ್ಲಿದ್ದವರು ಕುರುಬರಾದರು. ಆಯಿಯ ಇಬ್ಬರು ಗಂಡುಮಕ್ಕಳಲ್ಲಿ ದೊಡ್ಡವನು ಒಂದು, ಚಿಕ್ಕವನು ಇನ್ನೊಂದು. ಈಗ ಮತ್ತೆ ಯಾರೂ ಅಲ್ಲ ಅನ್ನಲಿಲ್ಲ. ಹೌದ್ರಿ, ಹೌದ್ರಿ ಅಂದರು.

ಮಳೆಗೆ ಮುಂಚೆ ದಿನ್ನಿ ಖಾಲಿಯಾಯಿತು. ದೊಡ್ಡವನು ಕುರಿ ಹೊಡೆದುಕೊಂಡು ಗಡಿಯ ಕಡೆ ಹೋದ, ಚಿಕ್ಕವನು ಕೊಡಂಬಲದ ಕಡೆ ಇಳಿದ. ಆಯಿ ಯಾರ ಸಂಗಡ ಹೋದಳೋ ನನಗೆ ಗೊತ್ತಿಲ್ಲ. ಹೋಗುವ ಮುಂಚಿನ ದಿನ ನಾನು ಗಡಿಕಲ್ಲು ನೆಡುತ್ತಿದ್ದೆ. ಅವರನ್ನು ಹೊರಗಿಡುವ ಕಲ್ಲುಗಳು ಅವು. ದಿನ್ನಿಯ ಗಂಡಸರು ಬಂದು ನನ್ನ ಸಂಗಡ ಕೈ ಹಚ್ಚಿ ಎತ್ತಿದರು. ಭಾರ ಅದ, ಒಬ್ಬಾವ ಹ್ಯಾಂಗ ಎತ್ತತೀ ಅಂದರು. ನಾನು ಎಷ್ಟೋ ಭಾರ ಹೊತ್ತಿದ್ದೇನೆ. ಆ ಮಾತನ್ನು ಈವರೆಗೆ ಇಳಿಸಲಾಗಿಲ್ಲ.

ಕೊನೆಯ ಕಲ್ಲು ನೆಡುವ ಮುಂಚೆ ಸಂಗಡ ಬಂದಿದ್ದ ಮುತ್ಯಾನ ಕೈಗೆ ಇದ್ದಲಿ ಕೊಟ್ಟೆ. "ಮುತ್ಯಾ, ದಿನ್ನಿಯವರು ಅಂತ ಸರಕಾರದ ಅಕ್ಷರದಾಗ ಬರೀರಿ ಇದರ ಮ್ಯಾಲೆ." ಕಲ್ಲಿನ ಬುಡದ ಮೇಲೆ, ಮಣ್ಣೊಳಗೆ ಹೋಗುವ ಕಡೆ, ಅವರು ಉರ್ದುವಿನಲ್ಲಿ ಬರೆದರು. ನನಗೆ ಆ ಅಕ್ಷರ ಬರುವುದಿಲ್ಲ. ಬಲಗಡೆಯಿಂದ ಮೊದಲು ಮಡಿಸಿದ ಮೊಣಕೈಯಂಥ ಒಂದು ಗೀಟು, ಅದರ ಆಚೆ ತಲೆಯ ಮೇಲೆ ಚುಕ್ಕೆ ಹೊತ್ತ ಒಂದು ಹಲ್ಲು, ಹೀಗೆ. ಗೀಟಿನ ಮೇಲೆ ಗೀಟು ಚಾಣ ಓಡಿಸಿ ಕಡಿದೆ. ಕಡಿದದ್ದನ್ನು ನನ್ನ ಕೈ ಮರೆಯುವುದಿಲ್ಲ. ಆಮೇಲೆ ಮಣ್ಣು ಮುಚ್ಚಿದೆವು.

ಅವರು ಬೇವಿನ ಗಿಡದ ಕೆಳಗೆ ಮತ್ತೆ ಕೂಡಲಿಲ್ಲ. ಹುಮನಾಬಾದ ಬಿಟ್ಟು ಕಲ್ಯಾಣಿಗೆ ನನ್ನ ಮನೆಗೆ ಬಂದರು. ಕರೆತಂದೆ ಅನ್ನುವುದೇ ಸರಿ. ಹೊರಕೋಣೆಯಲ್ಲಿ ಕೂತು ವಾರಕ್ಕೊಂದು ಅರ್ಜಿ ಬರೆಯುತ್ತಿದ್ದರು, ಅದೇ ಅರ್ಜಿ. ಮುಂದಿನ ಅರ್ಜಿಯೊಳಗೆ ತಿದ್ದಿಕೊಳ್ಳುತ್ತೇನೆ ಅಂದಿದ್ದರಲ್ಲ. ಒಂದಕ್ಕೂ ಜವಾಬು ಬರಲಿಲ್ಲ. ಹಟ್ಟಿ ಬಿಟ್ಟು ಹೋದದ್ದು ಹತ್ತು ವರ್ಷದವರಿದ್ದಾಗಂತೆ. ರೋಗ ಬಂದು ಕುರಿ ಸತ್ತವು, ಕಲ್ಯಾಣಿಯಲ್ಲಿ ಒಬ್ಬರು ಇಟ್ಟುಕೊಂಡು ಓದಿಸಿದರು. "ಮುಚ್ಚಿಟ್ಟಿರೇನು?" ಅಂತ ಕೇಳಿದೆ.

"ಮುಚ್ಚಿಟ್ಟಿಲ್ಲ ಗೌಂಡಿ. ಯಾರೂ ಕೇಳಲಿಲ್ಲ. ಎಲ್ಲಾರೂ ತಾವಾ ಹೇಳಿದ್ರು, ನಾ ಹೌದಂದೆ." ಲೇಖಣಿ ಕೆಳಗಿಟ್ಟು, "ಅವರಿಗೆ ಒಂದು ದಿನ ಒರಟಾಗ್ರಿ ಅಂದೆ. ನನಗ ಒಂದು ಗಳಿಗಿ ಆಗಲಿಲ್ಲ" ಅಂದರು.

ಕೊನೆಕೊನೆಗೆ ರೊಟ್ಟಿ ಕೊಟ್ಟರೆ ತಿನ್ನುತ್ತಿದ್ದರು, ಇಲ್ಲದಿದ್ದರೆ ಇಲ್ಲ. ಮಸಿ ನೆತ್ತಿಗೆ ಒರೆಸಿಕೊಳ್ಳುವುದು ನಿಂತಿತ್ತು, ಇಡೀ ತಲೆ ಬೆಳ್ಳಗಾಯಿತು. ನಮ್ಮ ಓಣಿಯ ಮಕ್ಕಳು ಅವರನ್ನು ಏನೇನೋ ಹೆಸರಿಟ್ಟು ಕೂಗಿದರೂ ಹೂಂ ಅನ್ನುತ್ತಿದ್ದರು. ನನ್ನ ಹೆಂಡತಿ ಕೋಲು ತೆಗೆದುಕೊಂಡು ಮಕ್ಕಳನ್ನು ಓಡಿಸುತ್ತಿದ್ದಳು. ಅವರು, "ಬಿಡವ್ವಾ, ಕರೀಲಿ" ಅನ್ನುತ್ತಿದ್ದರು.

ತೀರಿಕೊಂಡ ದಿನ ಬಂಡಿಯಲ್ಲಿ ದಿನ್ನಿಗೆ ಒಯ್ದೆ. ಒಳಗೆ ಹೂಳಲು ಕುರಣದ ಕಾವಲುಗಾರ ಬಿಡಲಿಲ್ಲ. ಆ ಕೊನೆಯ ಕಲ್ಲಿನ ಹೊರಬದಿಗೆ, ಒಂದು ಮೊಳ ದೂರದಲ್ಲಿ, ನಾನೇ ಅಗೆದು ಮಣ್ಣು ಮಾಡಿದೆ. ದಿನ್ನಿಯವರೊಬ್ಬರೂ ಇರಲಿಲ್ಲ. ಎಲ್ಲಿ ಅಂತ ಹೇಳಿ ಕಳಿಸಲಿ?

ಮರುದಿನ ಪಟವಾರಿ.

"ಹೇಳೋ, ಯಾವ ಕೌಮು? ಮುಸಲ್ಮಾನ ಅಂತ ಬರೀಲೇನು? ಮುನಶಿಜೀ ಅಂತಿದ್ರು ಮಂದಿ."

"ಅಲ್ಲರಿ."

"ಮತ್ತ ಬ್ರಾಹ್ಮಣ?"

"ಅಲ್ಲ."

"ಅಯ್ನೋರ?"

"ಅಲ್ಲ. ದಿನ್ನಿಯವರು ಅಂತ ಬರೀರಿ."

"ಅಂಥಾ ಕೌಮೇ ಇಲ್ಲಲೋ. ಅದರ ವಿಚಾರಣಿ ಆಗಿ ಮುಗದದ. ಸುಮ್ಮ ಹೋಗು, ನಾ ಏನರ ಬರಕೋತೀನಿ."

ನಾನು ಹೋಗಲಿಲ್ಲ. ಚಾವಡಿಯ ಬಾಗಿಲಲ್ಲಿ ಕೂತೆ. ಕೆಲಸ ಬಿಟ್ಟು ಮೂರು ದಿನ ಕೂತೆ. ನಾಲ್ಕನೆಯ ದಿನ ಪಟವಾರಿ ಬೇಸತ್ತು, "ಬಾ, ಬರೀತೀನಿ ಬಾ" ಅಂತ ದಫ್ತರ ಬಿಡಿಸಿ ನನ್ನ ಮುಂದೆಯೇ ಲೇಖಣಿ ಎತ್ತಿದ. ಬಲಗಡೆ ಮಡಿಸಿದ ಮೊಣಕೈ ಮೂಡಿತು. ನಾನು ಮುಂದೆ ಬಾಗಿದೆ. ಮುಂದೆ ಹೋಗುತ್ತ ಹೋಗುತ್ತ ಅಕ್ಷರದ ತಲೆಯ ಮೇಲೆ ಎರಡು ಓರೆ ಗೀಟು ಬಂದವು. ನಾನು ಕಡಿದ ಕಲ್ಲಿನಲ್ಲಿ ಓರೆ ಗೀಟು ಇರಲಿಲ್ಲ.

"ಇದು ಅದಲ್ಲರಿ" ಅಂದೆ.

ಪಟವಾರಿ ನನ್ನನ್ನು ನೋಡಿದ. "ನಿನಗ ಉರ್ದು ಬರತದೇನೋ?"

"ಇಲ್ಲ. ಏನು ಬರದೀರಿ ಹೇಳ್ರಿ."

ಅವನು ಲೇಖಣಿಯನ್ನು ದೌತಿಯಲ್ಲಿ ಇಟ್ಟ. "ಧನಗರ" ಅಂದ.

"ಅಲ್ಲ" ಅಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. ಆ ಮನುಷ್ಯನ ಬಾಯಿಯಿಂದ ಹೊರಡದೇ ಹೋದ ಆ ಮಾತನ್ನು ಎಷ್ಟು ಸಲ ಬೇಕಾದರೂ ಹೇಳಲು ನಾನು ತಯಾರಿದ್ದೆ. "ಹೊಡದು ಹಾಕ್ರಿ. ದಿನ್ನಿಯವರು ಅಂತ ಬರೀರಿ. ಅಲ್ಲೀತನ ಏಳಾಂವ ಅಲ್ಲ ನಾ."

ಅವನು ಹೊಡೆದು ಹಾಕಿ ಮತ್ತೆ ಬರೆದ. ಮೊಣಕೈ, ಚುಕ್ಕೆ ಹೊತ್ತ ಹಲ್ಲು, ಉಳಿದದ್ದು. ಗೀಟಿನ ಮೇಲೆ ಬೆರಳು ಓಡಿಸಿ ನೋಡಿದೆ. ಮಸಿ ಇನ್ನೂ ಹಸಿ ಇತ್ತು, ಬೆರಳಿಗೆ ಹತ್ತಿತು. ಸರಿಯಾಗಿತ್ತು.

"ಸಮಾಧಾನ ಆತೇನು?" ಅಂದ ಪಟವಾರಿ. "ಇಡೀ ದಫ್ತರದಾಗ ಈ ಕೌಮಿನಾವ ಇವನೊಬ್ಬನಾ. ಅವನೂ ಸತ್ತಾನ."

ಹೌದ್ರಿ ಅಂದೆ. ಅದಕ್ಕೆ ಅಲ್ಲ ಅನ್ನಲು ನನ್ನ ಹತ್ತಿರ ಏನೂ ಇರಲಿಲ್ಲ. ಬೆರಳಿನ ಮಸಿಯನ್ನು ನೆತ್ತಿಗೆ ಒರೆಸಿಕೊಂಡು ಮನೆಗೆ ಬಂದೆ.